ಸೋಲುವುದಕ್ಕೆ ಕರೆದಿದ್ದರು

ವಿಲ್ಲೋ ಫೋರ್ಕ್ ಕಮ್ಯುನಿಟಿ ಕಾಲೇಜಿನಲ್ಲಿ ಕ್ರೀಡಾ ನಿರ್ದೇಶಕಿ ಎನ್ನುವುದು ಬಾಗಿಲ ಮೇಲಿನ ಫಲಕಕ್ಕಷ್ಟೇ ದೊಡ್ಡ ಹೆಸರು. ಆರ್ಡಿತ್ ನೊವಾಚೆಕ್ ಆ ಹುದ್ದೆಯಲ್ಲಿದ್ದುಕೊಂಡೇ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು, ಬೆವರಿನ ಜರ್ಸಿಗಳನ್ನು ಒಗೆದು ಒಣಹಾಕುತ್ತಿದ್ದಳು, ಚಾಲಕ ಬಾರದ ದಿನ ಬಸ್ಸನ್ನೂ ಓಡಿಸುತ್ತಿದ್ದಳು. ಪಂದ್ಯವಿದ್ದ ದಿನ ಕೊಚ್ಚಿದ ಮಾಂಸ, ಕಾಳು ಹಾಕಿ ದೊಡ್ಡ ಪಾತ್ರೆಯಲ್ಲಿ ಚಿಲಿ ಕುದಿಸಿ, ದಾಲ್ಚಿನ್ನಿ ರೋಲ್ ಬೇಯಿಸಿ, ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಜಿಮ್ಮಿನ ಬಾಗಿಲಲ್ಲಿ ಮಾರುತ್ತಿದ್ದವಳೂ ಅವಳೇ. ಖಾರದ ಜೊತೆ ಸಿಹಿ ಹೇಗೆ ತಿನ್ನುತ್ತಾರೋ ಎಂದು ಬೇರೆ ಸೀಮೆಯವರು ಮೂಗು ಮುರಿಯಬಹುದು. ಈ ನೆಬ್ರಾಸ್ಕಾ ರಾಜ್ಯದಲ್ಲಿ ಹುಟ್ಟಿದವರಿಗೆ ಒಂದಿಲ್ಲದೆ ಇನ್ನೊಂದು ಗಂಟಲಲ್ಲಿ ಇಳಿಯುವುದಿಲ್ಲ.

ಅರವತ್ತು ದಾಟಿದ್ದರೂ ಅವಳ ನಡಿಗೆಯಲ್ಲಿ ಹಳೆಯ ಆಟಗಾತಿಯ ಪುಟಿತ ಉಳಿದಿತ್ತು. ಮಾತೂ ಹಾಗೆಯೇ, ನೇರವಾಗಿ ಬಂದು ಬೀಳುತ್ತಿತ್ತು. ಕಾಲೇಜಿನಲ್ಲಿ ಅವಳ ಮಾತಿಗೆ ತಿರುಗಿ ಮಾತು ಕೊಡುತ್ತಿದ್ದವನು ಎಲ್ಡನ್ ರೂಪ್ ಒಬ್ಬನೇ. ಅವನು ಕಾಲೇಜಿನ ಹಣಕಾಸು ಅಧಿಕಾರಿ. ಇಬ್ಬರೂ ಹುಲ್ಲುಗಾವಲಿನ ನಡುವಿನ ಒಂದೇ ಕೋಣೆಯ ಶಾಲೆಯಲ್ಲಿ ಅಕ್ಕಪಕ್ಕ ಕೂತು ಓದಿದವರು. ಎಲ್ಡನ್‌ನಂಥ ಜುಗ್ಗ ಆ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಬಳಸಿದ ಲಕೋಟೆಯನ್ನು ಒಳಮಗ್ಗುಲು ಹೊರಗಾಗಿ ಮಡಿಸಿ ಮತ್ತೆ ಬಳಸುತ್ತಿದ್ದ. ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅವನಿಗೆ ಮೈ ಉರಿಯುತ್ತಿತ್ತು. ಆದರೆ ಅವನು ಕಾಲೇಜಿನ ಒಂದು ಕಾಸನ್ನೂ ತನ್ನದೆಂದು ಮುಟ್ಟಿದವನಲ್ಲ. ಹಾಗಾಗಿ ಅವನ ಜುಗ್ಗತನವನ್ನು ಊರು ಗೌರವದಿಂದಲೇ ಹಾಸ್ಯ ಮಾಡುತ್ತಿತ್ತು.

ಆ ಚಳಿಗಾಲ ರಾಜ್ಯ ಸರ್ಕಾರ ಕಾಲೇಜುಗಳಿಗೆ ಕೊಡುವ ಅನುದಾನವನ್ನು ಕತ್ತರಿಸಿತು. ಆಡಳಿತ ಮಂಡಳಿ ಸಭೆ ಸೇರಿ ಎಲ್ಲಿ ಕೊಯ್ಯುವುದೆಂದು ನೋಡತೊಡಗಿತು. ಬೇಸ್‌ಬಾಲನ್ನು ಮುಟ್ಟುವಂತಿರಲಿಲ್ಲ, ಊರಿನ ಟ್ರ್ಯಾಕ್ಟರ್ ಮಾರಾಟಗಾರರು ಅದರ ಬೆನ್ನಿಗಿದ್ದರು. ಕುದುರೆ, ಹೋರಿ, ಹಗ್ಗದ ಆಟವಾದ ರೋಡಿಯೋ ಸುತ್ತಮುತ್ತಲ ದನದ ಸಾಹುಕಾರರಿಗೆ ಪ್ರಾಣ. ಹುಡುಗರ ಬಾಸ್ಕೆಟ್‌ಬಾಲಿಗೆ ಜನ ಬರುತ್ತಿದ್ದರು. ಹಿಂದೂ ಮುಂದೂ ಇಲ್ಲದ್ದು ಹುಡುಗಿಯರ ವಾಲಿಬಾಲ್ ಒಂದೇ. ಅದರ ಪಂದ್ಯಕ್ಕೆ ಬರುತ್ತಿದ್ದವರು ಆಟಗಾರ್ತಿಯರ ಅಪ್ಪ ಅಮ್ಮಂದಿರು, ಚಿಲಿಯ ವಾಸನೆ ಹಿಡಿದು ಬಂದ ನಾಲ್ಕಾರು ಮುದುಕರು, ಅಷ್ಟೆ. ಬೇಸಿಗೆಯೊಳಗೆ ಹೊರಗಿನಿಂದ ಹಣ ಹುಟ್ಟದಿದ್ದರೆ ವಾಲಿಬಾಲ್ ಮುಚ್ಚುವುದೆಂದು ಮಂಡಳಿ ತೀರ್ಮಾನಿಸಿತು. ನಲವತ್ತು ವರ್ಷದ ಹಿಂದೆ ಆ ತಂಡವನ್ನು ಕಟ್ಟಿದವಳು ಆರ್ಡಿತ್. ಸಭೆಯಿಂದ ಅವಳು ಹೊರಗೆ ಬಂದು ಬಸ್ಸಿನ ಗಾಜಿನ ಮೇಲಿನ ಹಿಮವನ್ನು ಕೆರೆದ ರಭಸಕ್ಕೆ ಕೆರೆಯುವ ಪಟ್ಟಿ ಮುರಿದುಹೋಯಿತು.

ಅಂಥ ಹೊತ್ತಿನಲ್ಲಿ ರಾಜ್ಯದ ಪೂರ್ವ ತುದಿಯ ದೊಡ್ಡ ನಗರದ ಒಂದು ವಿಶ್ವವಿದ್ಯಾಲಯದಿಂದ ಫೋನ್ ಬಂತು. ಮಾತಾಡಿದವನು ಅಲ್ಲಿನ ಕ್ರೀಡಾ ನಿರ್ದೇಶಕ ಗ್ರಾಂಟ್ ಹಾಲಿಸ್ಟರ್. ಅವರ ಹೊಸ ಕ್ರೀಡಾಂಗಣ ಏಪ್ರಿಲ್‌ನಲ್ಲಿ ತೆರೆಯುವುದಿತ್ತು. ಆ ದಿನ ವಾಲಿಬಾಲ್ ಸ್ನೇಹ ಪಂದ್ಯಕ್ಕೆ ಬರಬೇಕಿದ್ದ ತಂಡ ಕೈಕೊಟ್ಟಿತ್ತು. ನೀವು ಬಂದು ಆಡಿ, ಖರ್ಚು ಕೊಟ್ಟು ಮೇಲೊಂದು ಮೊತ್ತವನ್ನೂ ಕೊಡುತ್ತೇವೆ ಎಂದ. ಮೊತ್ತ ಕೇಳಿದಾಗ ಆರ್ಡಿತ್ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ವಾಲಿಬಾಲ್ ತಂಡ ಅದರಲ್ಲಿ ಒಂದು ವರ್ಷ ಪೂರ್ತಿ ಉಸಿರಾಡಬಹುದಿತ್ತು. ಎಲ್ಲ ಸುಸೂತ್ರವಾಗಿ ನಡೆದರೆ ಇನ್ನೂ ಎರಡು ವರ್ಷ ಇದೇ ಏರ್ಪಾಡು ಎಂದೂ ಅವನು ಸೇರಿಸಿದ.

"ನಮ್ಮ ದಾನಿಗಳೆಲ್ಲ ಕುಟುಂಬ ಸಮೇತ ಬರ್ತಾರೆ, ಮೇಡಂ. ಅವರಿಗೆ ಒಂದು ಒಳ್ಳೆ ಮಧ್ಯಾಹ್ನ ಸಿಗ್ಬೇಕು, ಅಷ್ಟೇ ನಮಗೆ ಬೇಕಾಗಿರೋದು" ಎಂದ ಹಾಲಿಸ್ಟರ್.

ಒಳ್ಳೆ ಮಧ್ಯಾಹ್ನವೆಂದರೆ ಏನೆಂದು ಆರ್ಡಿತ್‌ಗೆ ಬಿಡಿಸಿ ಹೇಳಬೇಕಿರಲಿಲ್ಲ. ದೊಡ್ಡ ತಂಡ ಚಿಕ್ಕ ತಂಡವನ್ನು ಊಟಕ್ಕೆ ಮುಂಚೆ ಮುಗಿಸಿ ಕಳಿಸಬೇಕು. ದಾನಿಗಳು ಚಪ್ಪಾಳೆ ತಟ್ಟಿ ಚೆಕ್ಕು ಬರೆಯಬೇಕು. ಹರಕೆಯ ಕುರಿಗೂ ಮೇವಿನ ಖರ್ಚು ಸಿಗುತ್ತದೆ.

ಅವಳು ಈ ಸುದ್ದಿ ಹೇಳಿದಾಗ ಎಲ್ಡನ್ ಕನ್ನಡಕ ತೆಗೆದು ಒರೆಸಿದ. "ಹೊಡೆಸ್ಕೊಂಡು ಬರೋದಕ್ಕೆ ಇಷ್ಟು ದುಡ್ಡಾ? ಮೊದಲೇ ಗೊತ್ತಿದ್ದಿದ್ರೆ ನಾನೇ ಚಡ್ಡಿ ಹಾಕ್ಕೊಂಡು ಹೋಗ್ತಿದ್ದೆ."

"ನಿನ್ನ ಕಾಲು ನೋಡಿದ ಮೇಲೆ ಅವರು ದುಡ್ಡು ವಾಪಸ್ ಕೇಳ್ತಾರೆ" ಎಂದಳು ಆರ್ಡಿತ್.

ಮುಂದಿನ ಎರಡು ವರ್ಷದ ಮಾತನ್ನು ಅವಳು ತಂಡದ ಕೋಚ್ ಮಾರ್ಲಿಸ್‌ಗೆ ಹೇಳಲಿಲ್ಲ. ಮಾರ್ಲಿಸ್ ಗುಂಡರ್ಸನ್ ಒಂದು ಕಾಲಕ್ಕೆ ಆರ್ಡಿತ್‌ಳ ಕೈಕೆಳಗೆ ಆಡಿದವಳು. ಈಗ ಎರಡು ಮಕ್ಕಳ ತಾಯಿಯಾಗಿದ್ದರೂ ಆರ್ಡಿತ್‌ಳನ್ನು 'ಕೋಚ್' ಎಂದೇ ಕರೆಯುತ್ತಿದ್ದಳು. ಸತ್ಯ ಅವಳ ಮುಖದಲ್ಲಿ ನೀರಿನೊಳಗಿನ ಕಲ್ಲಿನಂತೆ ಕಾಣಿಸಿಬಿಡುತ್ತಿತ್ತು. ದುಡ್ಡಿನ ಭಾರವನ್ನು ಅವಳ ತಲೆಗೆ ಹೊರಿಸಿದರೆ ಅದು ಹುಡುಗಿಯರ ಕೈಗೂ ಇಳಿಯುತ್ತದೆ ಎಂದು ಆರ್ಡಿತ್ ಸುಮ್ಮನಾದಳು.

ಪಂದ್ಯದ ಶನಿವಾರ ನಸುಕಿಗೇ ಬಸ್ಸು ಹೊರಟಿತು. ಸ್ಟೇರಿಂಗ್ ಹಿಡಿದವಳು ಆರ್ಡಿತ್. ಎಲ್ಡನ್ ಕೂಡ ಹತ್ತಿದ್ದ, ಚೆಕ್ಕನ್ನು ತಾನೇ ಕೈಯಾರೆ ತೆಗೆದುಕೊಳ್ಳಬೇಕೆಂದು. ಕೆಂಪಗೆ ಹೊಳೆವ ಟೈ ಕಟ್ಟಿ, ಹಳೆಯ ಬ್ಯಾಂಕ್ ಮ್ಯಾನೇಜರನಂತೆ ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ಹುಡುಗಿಯರು ಕಾಲು ಚಾಚಿ ಒಬ್ಬರ ಮೇಲೊಬ್ಬರು ಮಲಗಿದ್ದರು. ಚೆಂಡು ಎತ್ತಿಕೊಡುವ ಯೆಸೇನಿಯಾ ಬಾರಾಹಾಸ್ ಮಾಂಸದ ಕಾರ್ಖಾನೆಯ ಕೆಲಸಗಾರನ ಮಗಳು. ಮಾತು ಕಡಿಮೆ, ಕಣ್ಣು ಚುರುಕು. ಆರಡಿ ಎತ್ತರದ ಬ್ರಿಟಾ ಯೋಸ್ಟ್ ದನದ ಫಾರಮ್ಮಿನಲ್ಲಿ ಬೆಳೆದವಳು, ಹುಲ್ಲಿನ ಪೆಂಡಿ ಎತ್ತಿದ ತೋಳಿನಿಂದ ಚೆಂಡಿಗೆ ಹೊಡೆದರೆ ನೆಲ ನಡುಗುತ್ತಿತ್ತು. ಕೊನೆಯ ಸೀಟಿನಲ್ಲಿ ಲೀಟಾ ಮ್ರಾಜ್ ಇದ್ದಳು. ಕುಳ್ಳಗೆ ಗುಂಡಗಿದ್ದ ಹುಡುಗಿ, ಹಂದಿ ಸಾಕುವವರ ಮಗಳು. ಕೋಣೆಯ ಗೆಳತಿ ಸೇರಿದಳೆಂದು ತಾನೂ ತಂಡಕ್ಕೆ ಸೇರಿದ್ದಳು. ಇಡೀ ವರ್ಷದಲ್ಲಿ ಅವಳು ಅಂಕಣಕ್ಕಿಳಿದದ್ದು ಗೆಲುವು ಸೋಲು ಆಗಲೇ ತೀರ್ಮಾನವಾಗಿದ್ದ ಕೊನೆಯ ಕ್ಷಣಗಳಲ್ಲಿ ಮಾತ್ರ. ಆದರೂ ಬೆಂಚಿನ ಮೇಲಿಂದ ಅವಳು ಕೂಗುತ್ತಿದ್ದ ಕೂಗು ಎದುರಾಳಿಗಳಿಗೆ ಮರೆಯುತ್ತಿರಲಿಲ್ಲ.

ಹೊಸ ಕ್ರೀಡಾಂಗಣದ ಮುಂದೆ ಬಸ್ಸು ನಿಂತಾಗ ಎಲ್ಲರೂ ಕಿಟಕಿಗೆ ಮುಖ ಒತ್ತಿ ನೋಡಿದರು. ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮರದ ಕಪಾಟು, ಅದರ ಮೇಲೆ ಅವರವರ ಹೆಸರು, ಒಳಗೆ ಮೊಲದ ತುಪ್ಪಳದಷ್ಟು ಮೆತ್ತಗಿನ ಟವೆಲ್ಲು. ಬ್ರಿಟಾ ಟವೆಲ್ಲನ್ನು ಕೆನ್ನೆಗೊತ್ತಿಕೊಂಡು, ನಾನಿನ್ನು ಮನೆಗೆ ಬರೋದಿಲ್ಲ, ಇಲ್ಲೇ ಇರ್ತೀನಿ ಎಂದಳು. ಇಂಥ ಕೋಣೆಯಲ್ಲಿ ಎಷ್ಟು ದೀಪ ಉರಿಯುತ್ತಿವೆಯೆಂದು ಎಲ್ಡನ್ ಬಾಗಿಲಾಚೆಯಿಂದಲೇ ಎಣಿಸತೊಡಗಿದ್ದ. ಆರ್ಡಿತ್ ಅವನ ತೋಳು ಹಿಡಿದು ಗ್ಯಾಲರಿಗೆ ಎಳೆದುಕೊಂಡು ಹೋದಳು.

ಗ್ಯಾಲರಿ ತುಂಬಿತ್ತು. ದಾನಿಗಳಿಗೆ ಮೆತ್ತೆಯ ಕುರ್ಚಿಗಳು, ಸೂಟು ತೊಟ್ಟವರು, ಮುತ್ತಿನ ಸರದ ಅಜ್ಜಿಯರು, ಬಲೂನು ಹಿಡಿದ ಮೊಮ್ಮಕ್ಕಳು. ಹಾಲಿಸ್ಟರ್ ಬಂದು ಕೈ ಕುಲುಕಿ ಸೌಜನ್ಯದಿಂದ ಮಾತಾಡಿಸಿದ. ನಮ್ಮ ಕೋಚ್‌ಗೆ ಹೊಸ ಅಂಗಣದ ಮೊದಲ ಪಂದ್ಯ ಹಗುರವಾಗಿರಬೇಕು, ಮುಂದಿನ ವರ್ಷವೂ ನಿಮ್ಮನ್ನೇ ಕರೆಯುವ ಮನಸ್ಸಿದೆ ಎಂದ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಮಳೆ ಬರುತ್ತದೆ, ಬಿಸಿಲು ಬೀಳುತ್ತದೆ ಎಂಬಷ್ಟು ಸಹಜವಾಗಿ ಹೇಳಿದ್ದ.

ಮೊದಲ ಸೆಟ್ಟು ಅವನು ಅಂದುಕೊಂಡಂತೆಯೇ ನಡೆಯಿತು. ವಿಶ್ವವಿದ್ಯಾಲಯದ ಹುಡುಗಿಯರು ನೆಟ್ಟಗೆ ಎತ್ತರಕ್ಕೆ ಬೆಳೆದ ಪಾಪ್ಲರ್ ಮರಗಳಂತಿದ್ದರು, ನೆಟ್ಟಿನ ಮೇಲೆ ಅವರ ಕೈಗಳೇ ಇನ್ನೊಂದು ಗೋಡೆ. ಬ್ರಿಟಾ ಹೊಡೆದದ್ದೆಲ್ಲ ಆ ಗೋಡೆಗೆ ಬಡಿದು ಅವಳ ಕಾಲ ಬಳಿಯೇ ಬೀಳುತ್ತಿತ್ತು. ಎಲ್ಡನ್ ಕಡಲೆಕಾಯಿ ತಿನ್ನುತ್ತ ನೆಮ್ಮದಿಯಿಂದ ಕಾಲು ಚಾಚಿದ್ದ. ಎರಡನೆಯ ಸೆಟ್ಟಿನಲ್ಲೂ ಸೋತರು, ಆದರೆ ಕೂದಲೆಳೆಯಲ್ಲಿ. ಅಷ್ಟರಲ್ಲಿ ಯೆಸೇನಿಯಾ ಒಂದು ಸಂಗತಿ ಕಂಡುಕೊಂಡಿದ್ದಳು. ಆ ಎತ್ತರದ ಗೋಡೆಯ ಬೆನ್ನ ಹಿಂದೆ, ಮೂರು ಹೆಜ್ಜೆಯಷ್ಟು ಜಾಗದಲ್ಲಿ, ಯಾರೂ ನಿಲ್ಲುತ್ತಿರಲಿಲ್ಲ. ಅವರ ಮೇಲೆ ಚೆಂಡನ್ನು ಮೆತ್ತಗೆ ಹಾಕಲು ಈವರೆಗೆ ಯಾರಿಗೂ ಧೈರ್ಯ ಬಂದಿರಲಿಲ್ಲವೇನೋ.

ಬಿಡುವಿನಲ್ಲಿ ಅವಳು ಬ್ರಿಟಾಳ ಕಿವಿಯಲ್ಲಿ ಏನೋ ಹೇಳಿದ್ದು ಆರ್ಡಿತ್‌ಗೆ ಮೇಲಿನಿಂದ ಕಂಡಿತು. ಮೂರನೆಯ ಸೆಟ್ಟಿನ ಮೊದಲ ಚೆಂಡಿಗೆ ಬ್ರಿಟಾ ನೆಲ ಬಿರಿಯುವಂತೆ ಹಾರಿದಳು, ತೋಳು ಬೀಸಿದಳು, ಕೊನೆಯ ಗಳಿಗೆಯಲ್ಲಿ ಕೋಳಿಮರಿ ಎತ್ತಿಟ್ಟಂತೆ ಚೆಂಡನ್ನು ಗೋಡೆಯಾಚೆ ಇಟ್ಟಳು. ಪಾಪ್ಲರ್ ಮರಗಳು ತಿರುಗಿ ನೋಡುವಷ್ಟರಲ್ಲಿ ಅದು ನೆಲದ ಮೇಲೆ ಉರುಳುತ್ತಿತ್ತು. ಎದುರು ತಂಡದ ಕೋಚ್ ಆ ಸೆಟ್ಟಿಗೆ ತನ್ನ ಎರಡನೆಯ ಸಾಲಿನವರನ್ನು ಇಳಿಸಿದ್ದ, ಎಲ್ಲರಿಗೂ ದಾನಿಗಳ ಮುಂದೆ ಆಡುವ ಅವಕಾಶ ಸಿಗಲೆಂದು. ಆ ಸೆಟ್ಟು ವಿಲ್ಲೋ ಫೋರ್ಕಿನ ಪಾಲಾಯಿತು. ನಾಲ್ಕನೆಯದಕ್ಕೆ ಅವನು ಮುಖ್ಯ ಆಟಗಾರ್ತಿಯರನ್ನು ಮರಳಿ ಕರೆದಾಗ ಅವರ ಮೈ ತಣ್ಣಗಾಗಿತ್ತು. ಒಮ್ಮೆ ಬಿರುಸು, ಒಮ್ಮೆ ಮೆತ್ತಗೆ ಬರುವ ಚೆಂಡಿಗೆ ಎಲ್ಲಿ ನಿಲ್ಲಬೇಕೆಂದೇ ತೋಚದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ನಾಲ್ಕನೆಯದೂ ಅವರ ಕೈಬಿಟ್ಟು ಹೋಯಿತು. ಈಗ ಎರಡೆರಡು ಸಮ, ಉಳಿದದ್ದು ಒಂದೇ ಸೆಟ್ಟು.

ಎಲ್ಡನ್‌ನ ಕಡಲೆಕಾಯಿ ಕೈಯಲ್ಲೇ ಉಳಿದಿತ್ತು. "ಆರ್ಡಿ, ಈ ಹುಡುಗೀರು ಗೆದ್ದುಬಿಡ್ತಾರೇನೇ?"

"ಹಾಗೇ ಕಾಣ್ಸುತ್ತೆ."

"ಗೆದ್ರೆ ಆ ಮನುಷ್ಯ ಮುಂದಿನ ವರ್ಷ ನಮ್ಮನ್ನ ಗೇಟಿನೊಳಗೂ ಬಿಡಲ್ಲ. ಎರಡು ವರ್ಷದ ಗಂಟು. ಕೈಗೆ ಬಂದ ತುತ್ತು."

ಅವಳಿಗೆ ಅದು ಗೊತ್ತಿತ್ತು. ಅರ್ಧ ಸಂತೋಷ, ಅರ್ಧ ಹೆದರಿಕೆ. ಸೋತರೆ ತಂಡ ಮೂರು ವರ್ಷ ಬದುಕುತ್ತದೆ. ಗೆದ್ದರೆ ಒಂದು ವರ್ಷ. ಹೀಗೊಂದು ಲೆಕ್ಕ ತನ್ನ ತಲೆಯಲ್ಲಿ ಓಡುವ ದಿನ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಕೊನೆಯ ಸೆಟ್ಟಿಗೆ ಮುಂಚಿನ ಬಿಡುವಿನಲ್ಲಿ ಮಾರ್ಲಿಸ್ ಗ್ಯಾಲರಿಯ ಕಂಬಿಯ ಹತ್ತಿರ ಬಂದು ತಲೆ ಎತ್ತಿ ನಿಂತಳು. ಅವಳ ಮುಖದಲ್ಲಿ ಗೊಂದಲವಿತ್ತು. "ಕೋಚ್, ಇವತ್ತು ಪ್ರತಿಯೊಬ್ಬರನ್ನೂ ಆಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಲೀಟಾ ಒಬ್ಬಳು ಉಳಿದುಬಿಟ್ಟಿದ್ದಾಳೆ. ಅವಳ ಅಪ್ಪ ಅಮ್ಮ ಹಂದಿ ಕೆಲಸ ಬಿಟ್ಟು ಇಷ್ಟು ದೂರ ಬಂದಿದ್ದಾರೆ. ಈ ಸೆಟ್ಟಿಗೆ ಮೊದಲಿಂದ ಇಳಿಸ್ಲಾ? ಇಳಿಸಿದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು."

ಇಳಿಸು ಎಂದಿದ್ದರೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು ಎಂದೇ ಹೊಗಳುತ್ತಿದ್ದರು. ಜೊತೆಗೆ ಎರಡು ವರ್ಷದ ಗಂಟೂ ಉಳಿಯುತ್ತಿತ್ತು. ಎಲ್ಡನ್ ಮೊಣಕೈಯಿಂದ ಅವಳ ಪಕ್ಕೆ ತಿವಿದು, ಮಾತು ಅಂದ್ರೆ ಮಾತು ಆರ್ಡಿ, ಹುಡುಗಿ ಆಡ್ಲಿ ಎಂದು ಪಿಸುಗುಟ್ಟಿದ. ಆರ್ಡಿತ್ ಕಂಬಿ ಹಿಡಿದು ಬಾಗಿ ನೋಡಿದಳು. ಕೆಳಗೆ ಬೆಂಚಿನ ಮುಂದೆ ಲೀಟಾ ಎರಡೂ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಬ್ರಿಟಾಳಿಗೂ ಯೆಸೇನಿಯಾಳಿಗೂ ಒಟ್ಟಿಗೇ ಕುಡಿಸುತ್ತಿದ್ದಳು, ಕುಡಿಸುತ್ತಲೇ ಒಡೆದ ದನಿಯಲ್ಲಿ ಏನೋ ಹೇಳಿ ಅವರನ್ನು ನಗಿಸುತ್ತಿದ್ದಳು.

"ನನ್ನನ್ನೇನು ಕೇಳ್ತೀಯ, ಅವಳನ್ನೇ ಕೇಳು" ಎಂದಳು ಆರ್ಡಿತ್.

ಮಾರ್ಲಿಸ್ ಹೋಗಿ ಕೇಳಿದಳು. ಲೀಟಾ ಬಾಟಲಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಅವಳ ಉತ್ತರ ಗ್ಯಾಲರಿಯ ಮೂರನೆಯ ಸಾಲಿಗೂ ಕೇಳಿಸಿತು. "ಈಗ ನನ್ನನ್ನ ಇಳಿಸಿ ಇದನ್ನ ಕೆಡಿಸಿದ್ರೆ ನಾನು ಬಸ್ ಹತ್ತಲ್ಲ ಕೋಚ್, ಮನೆಗೆ ನಡ್ಕೊಂಡೇ ಹೋಗ್ತೀನಿ. ಕಾಲು ಸವೆದ ಪಾಪ ನಿಮಗೆ."

ಸೆಟ್ಟು ಶುರುವಾಯಿತು. ಕೊನೆಯ ಸೆಟ್ಟು ಚಿಕ್ಕದು, ಹದಿನೈದಕ್ಕೇ ಮುಗಿಯುತ್ತದೆ. ಒಂದು ಪಾಯಿಂಟು ಇವರಿಗೆ, ಒಂದು ಅವರಿಗೆ. ಪಂದ್ಯಕ್ಕೆಂದು ಬಂದಿದ್ದ ಊರಿನ ರೇಡಿಯೋದವನು ದನದ ಬೆಲೆ ಹೇಳುವ ಕಾರ್ಯಕ್ರಮವನ್ನು ನಿಲ್ಲಿಸಲು ಹೇಳಿ ಗ್ಯಾಲರಿಯ ಮೂಲೆಯಿಂದ ಫೋನಿನಲ್ಲೇ ಆಟ ಹೇಳುತ್ತಿದ್ದ. ಇತ್ತ ದಾನಿಗಳು ಮೆತ್ತೆಯ ಕುರ್ಚಿಯ ಅಂಚಿಗೆ ಸರಿದಿದ್ದರು. ಮುತ್ತಿನ ಸರದ ಒಬ್ಬ ಅಜ್ಜಿ ಯಾವ ಗಳಿಗೆಯಲ್ಲೋ ಪಕ್ಷ ಬದಲಿಸಿ, ಯೆಸೇನಿಯಾ ಚೆಂಡು ಎತ್ತಿದಾಗಲೆಲ್ಲ ತೊಡೆ ತಟ್ಟಿಕೊಳ್ಳುತ್ತಿದ್ದರು. ಅಂಕ ಹದಿಮೂರು ಹದಿಮೂರಾದಾಗ ಆರ್ಡಿತ್‌ಗೆ ಕೂರಲಾಗಲಿಲ್ಲ. ತಲೆಯೊಳಗಿನ ಲೆಕ್ಕ ಎಲ್ಲೋ ಉದುರಿಹೋಗಿತ್ತು. ಎದ್ದು ನಿಂತು, ನಲವತ್ತು ವರ್ಷ ಜಿಮ್ಮಿನಲ್ಲಿ ಕೂಗಿ ಪಳಗಿದ ಗಂಟಲಿನಲ್ಲಿ, "ಹೊಡಿ ಬ್ರಿಟಾ, ಹೊಡಿ" ಎಂದು ಕೂಗಿದಳು. ಬ್ರಿಟಾ ಆ ಸಲ ಮೆತ್ತಗೆ ಇಡಲಿಲ್ಲ. ಚೆಂಡು ಎದುರಿನ ಗೋಡೆಯ ಬೆರಳುಗಳನ್ನು ಬಿಡಿಸಿಕೊಂಡು ಗ್ಯಾಲರಿಗೆ ಹಾರಿತು.

ಹದಿನಾಲ್ಕಾಯಿತು, ಗೆಲ್ಲಲು ಇನ್ನೊಂದೇ ಪಾಯಿಂಟು ಬೇಕಿತ್ತು. ಸರ್ವ್ ಮಾಡಬೇಕಿದ್ದವಳು ಬ್ರಿಟಾ. ಆ ಗಳಿಗೆಯಲ್ಲಿ ಮಾರ್ಲಿಸ್ ಕೈ ಎತ್ತಿ ಆಟಗಾರ್ತಿಯನ್ನು ಬದಲಿಸಿದಳು. ಬ್ರಿಟಾ ಹೊರಗೆ ಬಂದಳು, ಲೀಟಾ ಒಳಗೆ ಹೋದಳು.

"ಅಯ್ಯೋ ದೇವರೇ" ಎಂದ ಎಲ್ಡನ್. ಅದು ಹೆದರಿಕೆಯೋ ಆಸೆಯೋ ಅವನಿಗೇ ತಿಳಿದಿರಲಿಕ್ಕಿಲ್ಲ.

ಆಮೇಲೆ ಮಾರ್ಲಿಸ್ ಹೇಳಿದಳು, ಅಭ್ಯಾಸದಲ್ಲಿ ಒಂದು ಸರ್ವನ್ನೂ ಹೊರಗೆ ಹಾಕದವಳು ಲೀಟಾ ಒಬ್ಬಳೇ, ಯಾಕೆಂದರೆ ಅವಳಿಗೆ ಜೋರಾಗಿ ಹೊಡೆಯಲು ಬರುವುದಿಲ್ಲ ಎಂದು. ಲೀಟಾ ಗೆರೆಯ ಹಿಂದೆ ನಿಂತು, ಚೆಂಡನ್ನು ಅಂಗಿಗೆ ಒರೆಸಿ, ಅಂಗೈಯಿಂದ ಬಡಿದಳು. ಚೆಂಡು ತಗ್ಗಿನಲ್ಲೇ ಹೋಯಿತು. ಹೋಗಿ ನೆಟ್ಟಿನ ಅಂಚಿನ ಪಟ್ಟಿಗೆ ತಾಗಿತು. ತಾಗಿ, ದಣಿದ ಮುದುಕ ಜಗಲಿ ಏರುವಂತೆ ಅಂಚಿನ ಮೇಲೆ ಉರುಳಿತು, ನಿಂತಿತು, ಯೋಚಿಸಿತು, ಆಮೇಲೆ ಆಚೆ ಕಡೆ ತೊಟ್ಟಿಕ್ಕಿತು. ಮೂರು ಪಾಪ್ಲರ್ ಮರಗಳು ಒಟ್ಟಿಗೆ ನೆಲಕ್ಕೆ ಹಾರಿದವು. ಚೆಂಡು ಯಾರಿಗೂ ಸಿಗಲಿಲ್ಲ.

ಲೀಟಾ ಕೈ ಬಾಯಿಗಿಟ್ಟುಕೊಂಡು ಅಲ್ಲೇ ನಿಂತಳು. ಮೊದಲು ಅವಳ ಮೇಲೆ ಬಿದ್ದವಳು ಯೆಸೇನಿಯಾ, ಅವಳ ಮೇಲೆ ಬ್ರಿಟಾ, ಅವರ ಮೇಲೆ ಇಡೀ ತಂಡ. ಆಮೇಲೆ ಮುತ್ತಿನ ಸರದ ಅಜ್ಜಿ ಎದ್ದು ಚಪ್ಪಾಳೆ ತಟ್ಟಿದರು. ಹಿಂದೆಯೇ ದಾನಿಗಳ ಸಾಲು ಎದ್ದಿತು. ಆರ್ಡಿತ್ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ, ತಿರುಗಿ ನೋಡಿದರೆ ಎಲ್ಡನ್ ತನ್ನ ಕೆಂಪು ಟೈ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಹಾಲಿಸ್ಟರ್ ಮಾತಿಗೆ ತಪ್ಪುವವನಲ್ಲ. ಚೆಕ್ಕನ್ನು ಅಲ್ಲೇ ಕೊಟ್ಟ, ಹುಡುಗಿಯರನ್ನು ಮೆಚ್ಚಿ ಮಾತಾಡಿದ, ಟವೆಲ್ಲುಗಳನ್ನು ಅವರಿಗೇ ಬಿಟ್ಟುಕೊಟ್ಟ. ಮುಂದಿನ ವರ್ಷದ ವಿಚಾರ ಆಮೇಲೆ ನೋಡೋಣ ಎಂದ. ಆ 'ನೋಡೋಣ'ದ ಅರ್ಥ ಆರ್ಡಿತ್‌ಗೂ ಎಲ್ಡನ್‌ಗೂ ಒಟ್ಟಿಗೇ ತಿಳಿಯಿತು.

ಬಸ್ಸಿನಲ್ಲಿ ಹಾಡು, ಕೂಗು, ಸೀಟಿಗೆ ಬಡಿತ. ಅರ್ಧ ದಾರಿಯಲ್ಲಿ ಒಂದು ಹೋಟೆಲ್ಲಿನ ಮುಂದೆ ಆರ್ಡಿತ್ ಬಸ್ಸು ನಿಲ್ಲಿಸಿ, ಎಲ್ಲರಿಗೂ ಹಣ್ಣಿನ ಪೈ ಎಂದು ಸಾರಿದಳು. ಅದು ಯಾವ ಬಾಬ್ತಿನಿಂದ ಎಂದು ಎಲ್ಡನ್ ಕೇಳಿದ.

"ನಿನ್ನ ಬಾಬ್ತಿನಿಂದ" ಎಂದಳು.

ಎಲ್ಡನ್ ರೂಪ್ ಪರ್ಸು ತೆಗೆದ. ಹುಡುಗಿಯರು ಆ ದೃಶ್ಯದ ಫೋಟೋ ತೆಗೆದರು. ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಲ್ಲ.

ಪೈ ತಿನ್ನುವಾಗ ಆರ್ಡಿತ್ ಮಾರ್ಲಿಸ್‌ಳನ್ನು ಪಕ್ಕಕ್ಕೆ ಕರೆದು ಉಳಿದೆರಡು ವರ್ಷದ ವಿಷಯ ಬಿಚ್ಚಿ ಹೇಳಿದಳು. ಮಾರ್ಲಿಸ್ ಚಮಚ ಕೆಳಗಿಟ್ಟಳು.

"ಮೊದಲೇ ಯಾಕೆ ಹೇಳ್ಲಿಲ್ಲ, ಕೋಚ್?"

"ಹೇಳಿದ್ರೆ ಏನು ಮಾಡ್ತಿದ್ದೆ?"

ಮಾರ್ಲಿಸ್ ಕಿಟಕಿಯಾಚೆ ನೋಡಿದಳು. ಹೊರಗೆ ಲೀಟಾ ಪಾರ್ಕಿಂಗ್ ಜಾಗದಲ್ಲಿ ನಿಂತು ತನ್ನ ಸರ್ವನ್ನು, ಬಸ್ಸಿನ ಹಿಂದೆಯೇ ಗಾಡಿಯಲ್ಲಿ ಬಂದಿದ್ದ ಅಪ್ಪ ಅಮ್ಮನಿಗೆ, ಚೆಂಡಿಲ್ಲದೆಯೇ ಮಾಡಿ ತೋರಿಸುತ್ತಿದ್ದಳು. "ಗೊತ್ತಿಲ್ಲ. ಅದಕ್ಕೇ ನೀವು ಹೇಳದೇ ಇದ್ದಿದ್ದು ಒಳ್ಳೇದಾಯ್ತು" ಎಂದಳು.

ಊರಿನ ಗಡಿಯಲ್ಲಿ ಧಾನ್ಯದ ಗೋಪುರದ ಹತ್ತಿರ ಬಸ್ಸು ನಿಲ್ಲಿಸಬೇಕಾಯಿತು. ಅಗ್ನಿಶಾಮಕ ಗಾಡಿ ರಸ್ತೆಗಡ್ಡವಾಗಿ ನಿಂತಿತ್ತು. ಎಲ್ಲೋ ಹುಲ್ಲಿಗೆ ಬೆಂಕಿ ಬಿತ್ತೆಂದು ಆರ್ಡಿತ್ ಗಾಬರಿಯಾದಳು. ಅಷ್ಟರಲ್ಲಿ ಗಾಡಿಯ ಮೇಲಿನ ಸ್ವಯಂಸೇವಕರು ಹೆಲ್ಮೆಟ್ಟು ಬೀಸಿದರು. ರೇಡಿಯೋದಲ್ಲಿ ಇಡೀ ಊರು ಪಂದ್ಯ ಕೇಳಿತ್ತು. ಇಳಿಬಿಸಿಲಿನಲ್ಲಿ ಕೆಂಪು ಗಾಡಿ ಗಂಟೆ ಬಾರಿಸುತ್ತ ಮುಂದೆ ಹೊರಟಿತು, ಬಸ್ಸು ಹಿಂದೆ, ಬಸ್ಸಿನ ಹಿಂದೆ ಪಿಕಪ್ ಗಾಡಿಗಳ ಸಾಲು. ಮುಖ್ಯ ಬೀದಿಯಲ್ಲಿ ಕ್ಷೌರದಂಗಡಿಯಿಂದ ಅರ್ಧ ಕೂದಲು ಕತ್ತರಿಸಿಕೊಂಡವನೊಬ್ಬ ಬಿಳಿ ಬಟ್ಟೆ ಹೊದ್ದೇ ಹೊರಬಂದು ಕೈ ಬೀಸಿದ. ವಾಲಿಬಾಲಿಗೆ ಜನ ಬರುವುದಿಲ್ಲ ಎಂದಿದ್ದ ಮಂಡಳಿಯ ಅಧ್ಯಕ್ಷ, ದನದ ಮೇವಿನ ವ್ಯಾಪಾರಿ, ತನ್ನ ಅಂಗಡಿಯ ಮುಂದೆ ಟೋಪಿ ತೆಗೆದು ನಿಂತಿದ್ದ.

ಹದಿನೈದು ದಿನದೊಳಗೆ ವಿಶ್ವವಿದ್ಯಾಲಯದಿಂದ ಬಂದ ಉತ್ತರ ಬಹಳ ನಯವಾಗಿತ್ತು. ಮುಂದಿನ ವರ್ಷಗಳಲ್ಲಿ ಬಿಡುವಿಲ್ಲವಂತೆ. ಆರ್ಡಿತ್ ಅದನ್ನು ಮಂಡಳಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದಳು. ಈ ವರ್ಷಕ್ಕೆ ಹಣವಿದೆ, ಆಮೇಲಿನದು ನಾವು ಗೆದ್ದು ಕಳೆದುಕೊಂಡೆವು ಎಂದಳು. ಮಂಡಳಿಯವರು ನಕ್ಕರು, ನಕ್ಕ ಮೇಲೆ ಮುಂದೇನು ಎಂದು ಕೇಳಿದರು. ಅವಳು ಅದಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಪಂದ್ಯದ ಮಾರನೆಯ ದಿನದಿಂದ ಅವಳ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಏಳೂರಿನ ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತೀರಾ ಎಂದು ಕೇಳುತ್ತಿದ್ದರು. ಬೇಸಿಗೆಯಲ್ಲಿ ಹಾಸ್ಟೆಲ್ ಖಾಲಿ, ಜಿಮ್ಮು ಖಾಲಿ. ಅವನ್ನು ತನಗೆ ಬಿಟ್ಟುಕೊಟ್ಟರೆ ಶಿಬಿರ ನಡೆಸುತ್ತೇನೆ, ಬಂದದ್ದರಲ್ಲಿ ತಂಡ ಸಾಕುತ್ತೇನೆ ಎಂದಳು. ಎಲ್ಡನ್ ವಿರೋಧಿಸುತ್ತಾನೆಂದು ಎಲ್ಲರೂ ಅವನತ್ತ ನೋಡಿದರು. ಖಾಲಿ ಕೋಣೆಗಿಂತ ತುಂಬಿದ ಕೋಣೆ ಮೇಲು, ಆದರೆ ಹೊರಗೆ ಹೋಗುವಾಗ ದೀಪ ಆರಿಸಬೇಕು ಎಂದಷ್ಟೇ ಅಂದ ಅವನು.

ಜೂನ್‌ನಲ್ಲಿ ಹಾಸ್ಟೆಲ್ಲು ಗುಬ್ಬಿಗೂಡಾಯಿತು. ಜುಟ್ಟು ಕಟ್ಟಿದ ಹುಡುಗಿಯರು ದಿಂಬು ಕಂಕುಳಲ್ಲಿಟ್ಟುಕೊಂಡು ಪಿಕಪ್ ಗಾಡಿಗಳಿಂದ ಇಳಿದರು. ಬ್ರಿಟಾ ಹೊಡೆಯುವುದನ್ನೂ ಯೆಸೇನಿಯಾ ಎತ್ತಿಕೊಡುವುದನ್ನೂ ಕಲಿಸಿದರು. ಆದರೆ ಉದ್ದನೆಯ ಸಾಲು ನಿಂತದ್ದು ಲೀಟಾಳ ಮುಂದೆ. ನೆಟ್ಟು ಹತ್ತಿ ಇಳಿಯುವ ಆ ಸರ್ವನ್ನು ತಮಗೂ ಕಲಿಸಬೇಕೆಂದು ಪುಟ್ಟ ಹುಡುಗಿಯರು ಹಟ ಹಿಡಿದರು. ಮೊದಲ ದಿನ ಲೀಟಾ ಕಂಗಾಲಾಗಿ ಆರ್ಡಿತ್‌ಳ ಹತ್ತಿರ ಓಡಿಬಂದಳು.

"ಅದು ಹೇಗೆ ಹೋಯ್ತೋ ನನಗೇ ಗೊತ್ತಿಲ್ಲ, ಕೋಚ್. ಏನಂತ ಕಲಿಸ್ಲಿ?"

"ನೀನು ಏನು ಮಾಡಿದ್ಯೋ ಅದನ್ನೇ ಕಲಿಸು. ಚೆಂಡು ಅಂಗಿಗೆ ಒರೆಸೋದು, ಹೊರಗೆ ಹೋಗದ ಹಾಗೆ ಬಡಿಯೋದು. ಉಳಿದಿದ್ದನ್ನ ನೆಟ್ಟು ನೋಡ್ಕೊಳ್ಳುತ್ತೆ."

ಶಿಬಿರ ಮುಗಿಯುವ ಹೊತ್ತಿಗೆ ಆ ಸೀಮೆಯ ಹುಡುಗಿಯರೆಲ್ಲ ಚೆಂಡನ್ನು ಮೊದಲು ಅಂಗಿಗೆ ಒರೆಸುತ್ತಿದ್ದರು. ಅವರ ಸರ್ವುಗಳೂ ಹೊರಗೆ ಹೋಗುತ್ತಿರಲಿಲ್ಲ. ಅವರ ಜೊತೆ ಬಂದ ಅಕ್ಕಂದಿರಲ್ಲಿ ಕೆಲವರು ಕಾಲೇಜು ಸುತ್ತಾಡಿ, ಚಿಲಿ ತಿಂದು, ಆಗಸ್ಟ್‌ನಲ್ಲಿ ಪೆಟ್ಟಿಗೆ ಸಮೇತ ಓದಲು ಬಂದರು. ಎಷ್ಟೋ ವರ್ಷದಿಂದ ಬೀಗ ಹಾಕಿದ್ದ ಹಾಸ್ಟೆಲ್ಲಿನ ಮೇಲಂತಸ್ತನ್ನು ತೆರೆಯಬೇಕಾಯಿತು. ಆಟಕ್ಕೆಂದು ಬಂದವರ ಶುಲ್ಕದಲ್ಲೇ ಆಟದ ಖರ್ಚು ಹುಟ್ಟಿ ಮಿಗುತ್ತದೆಂದು ಎಲ್ಡನ್ ಮಂಡಳಿಗೆ ತಿಳಿಸಿದ, ದಂತವೈದ್ಯನ ಬಿಲ್ಲು ಓದುವವನ ದನಿಯಲ್ಲಿ. ವಾಲಿಬಾಲ್ ಮುಚ್ಚುವ ಮಾತು ಆಮೇಲೆ ಯಾರ ಬಾಯಿಂದಲೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಊರಿನ ಜಿಮ್ಮಿನಲ್ಲಿ ವರ್ಷದ ಮೊದಲ ಪಂದ್ಯ. ಕೂರಲು ಜಾಗವಿಲ್ಲದೆ ಜನ ಗೋಡೆಗೊರಗಿ ನಿಂತರು. ಮಂಡಳಿಯ ಅಧ್ಯಕ್ಷ ಹೆಂಡತಿ ಮಕ್ಕಳೊಡನೆ ಮುಂದಿನ ಸಾಲಿನಲ್ಲಿದ್ದ. ಎದುರಾಳಿ ಪಕ್ಕದ ಜಿಲ್ಲೆಯ ಕಾಲೇಜು, ಇವರಿಗಿಂತ ದೊಡ್ಡದೇನಲ್ಲ. ವಿಲ್ಲೋ ಫೋರ್ಕಿನ ಹುಡುಗಿಯರು ಅಷ್ಟು ಜನರನ್ನು ಕಂಡು ಕೈಕಾಲು ಬಿಟ್ಟರು. ಯೆಸೇನಿಯಾ ಎತ್ತಿದ ಚೆಂಡು ಬ್ರಿಟಾಳ ತಲೆಯ ಮೇಲೆ ಬಿತ್ತು, ಬ್ರಿಟಾ ಹೊಡೆದದ್ದು ರೇಡಿಯೋದವನ ಕಾಫಿಗೆ ಬಿತ್ತು. ಒಂದೇ ಒಂದು ಸೆಟ್ಟೂ ದಕ್ಕದೆ ಪಂದ್ಯ ಮುಗಿದುಹೋಯಿತು.

ಚಿಲಿಯ ಪಾತ್ರೆಯ ಹಿಂದೆ ನಿಂತಿದ್ದ ಆರ್ಡಿತ್, ಜನ ಇನ್ನು ಎದ್ದು ಹೋಗುತ್ತಾರೆ ಎಂದು ಪಾತ್ರೆಗೆ ಮುಚ್ಚಳ ಹಾಕಹೊರಟಳು. ಯಾರೂ ಹೋಗಲಿಲ್ಲ. ಎದ್ದವರೆಲ್ಲ ಅವಳ ಕಡೆಗೇ ಬಂದು ಸಾಲಾಗಿ ನಿಂತರು. ಆ ಹುಡುಗಿಗೆ ಇನ್ನೂ ಸ್ವಲ್ಪ ಎತ್ತರಕ್ಕೆ ಚೆಂಡು ಎತ್ತಲು ಹೇಳಿ ಎಂದು ಒಬ್ಬ, ಮುಂದಿನ ಪಂದ್ಯ ಯಾವತ್ತು ಎಂದು ಇನ್ನೊಬ್ಬಳು. ಎಲ್ಲರಿಗೂ ಸಲಹೆ ಕೊಡುವುದಿತ್ತು, ಎಲ್ಲರಿಗೂ ಹಸಿವೂ ಆಗಿತ್ತು. ಸೋತ ಹುಡುಗಿಯರು ಬೆವರಿನ ಜರ್ಸಿಯಲ್ಲೇ ಬಂದು ಬಡಿಸಲು ನಿಂತರು. ಎಲ್ಡನ್ ಕೋಟು ಕಳಚಿ, ತೋಳು ಮಡಿಸಿ, ದಾಲ್ಚಿನ್ನಿ ರೋಲುಗಳನ್ನು ತಟ್ಟೆಗೆ ಇಡತೊಡಗಿದ್ದ, ಚಿಕ್ಕವನ್ನು ಹುಡುಕಿ ಹುಡುಕಿ.

"ದೊಡ್ಡದು ಕೊಡೋ, ಸೋತ ಮನೆಯ ಊಟ ಇದು" ಎಂದಳು ಆರ್ಡಿತ್, ಅವನ ಕೈಯಿಂದ ಚಿಮಟ ಕಿತ್ತುಕೊಂಡು. ಸಾಲಿನ ತುದಿ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಹುಲ್ಲಿನ ಮೇಲೆ ತಿರುಗಿತ್ತು.